ಗಸಿಗೆ ಉಸಿರು ಕೊಡಿಸಿದ ಫೌಲರ್ ಸಾಹೇಬರು

(ಅಂತಿಮ ಬಿ.ಎ. ತರಗತಿ)

ಈ ವರ್ಷದ ಸಂಚಿಕೆಗೆ ಕಾಲವಾದ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ನಮ್ಮ ಅಧ್ಯಾಪಕರು ಅಪ್ಪಣೆ ಮಾಡಿದಾಗ, ತರಗತಿಯ ಮಿತ್ರರು ಕೆಂಪೇಗೌಡರನ್ನೂ ವಿಶ್ವೇಶ್ವರಯ್ಯನವರನ್ನೂ ಸಂಗೊಳ್ಳಿ ರಾಯಣ್ಣನನ್ನೂ ಒಂದೇ ಗಳಿಗೆಯಲ್ಲಿ ಹಂಚಿಕೊಂಡುಬಿಟ್ಟರು. ನಾನು ಎದ್ದು ನಿಂತು, ಚರಂಡಿ ನೀರಿನ ಪಂಡಿತರೊಬ್ಬರ ಚರಿತ್ರೆಯನ್ನು ಬರೆಯುತ್ತೇನೆಂದಾಗ ಹಿಂದಿನ ಬೆಂಚಿನವರು ಮೂಗು ಹಿಡಿದುಕೊಂಡರು. ವಾಚಕರಲ್ಲಿಯೂ ಕೆಲವರು ಹಾಗೆಯೇ ಮಾಡಬಹುದು. ಅವರಲ್ಲಿ ನನ್ನದೊಂದು ವಿಜ್ಞಾಪನೆ: ಈ ಪುಟಗಳನ್ನು ಓದಿ ಮುಗಿಸಿ, ಆಮೇಲೆ ಮೂಗು ಹಿಡಿಯುವಂತಿದ್ದರೆ ಹಿಡಿಯಲಿ.

ಆ ಪಂಡಿತರ ಹೆಸರು ಗಿಲ್ಬರ್ಟ್ ಜಾನ್ ಫೌಲರ್. 1868ರಲ್ಲಿ ಹುಟ್ಟಿ 1953ರಲ್ಲಿ ತೀರಿಕೊಂಡವರು. ಜಗತ್ತಿನ ದೊಡ್ಡ ಊರುಗಳಲ್ಲಿ ಹೊಲಸು ನೀರನ್ನು ತೊಳೆಯುವ ಬಗೆಯನ್ನು ಬಲ್ಲವರಿಗೆಲ್ಲ ಅವರು ಪರಿಚಿತರು. ಆದರೆ ಅವರು ತಮ್ಮ ಪ್ರೌಢ ವಯಸ್ಸಿನ ಎಂಟು ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ, ಯಶವಂತಪುರದ ಮಗ್ಗುಲಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಳೆದರೆಂಬುದನ್ನು ನಮ್ಮವರೇ ಮರೆತಿದ್ದಾರೆ. ನನಗೂ ಅದು ತಿಳಿದದ್ದು ಓದಿನ ಹಂಬಲದಿಂದಲ್ಲ, ಒಂದು ಅರ್ಜಿಯ ದೆಸೆಯಿಂದ. ಅದನ್ನು ಮೊದಲು ಹೇಳಬೇಕು.

ನಮ್ಮೂರು ಬಾಗಲೂರು. ನನ್ನ ಅಜ್ಜಿ ರಾಗಿ ಹೊಲದಲ್ಲಿ ಕಳೆ ಕಿತ್ತವರು. ಅಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಹೊಲಗಳಿದ್ದ ಕಡೆಯಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಅಪ್ಪ ಅಂಥದೊಂದರಲ್ಲಿ ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಆಪರೇಟರಾದರು. ಎಲ್ಲರೂ ಅದನ್ನು ಎಸ್‌ಟಿಪಿ ಎನ್ನುತ್ತಾರೆ. ನೆಲಮಾಳಿಗೆಯಲ್ಲಿ ನಾಲ್ಕಾರು ತೊಟ್ಟಿಗಳು, ಹಗಲಿರುಳು ಗುಂಯ್ಗುಡುವ ಬ್ಲೋವರು, ಒಂದು ರಿಜಿಸ್ಟರು. ಅಪ್ಪನ ಉದ್ಯೋಗವೇನೆಂದು ಪ್ರೌಢಶಾಲೆಯಲ್ಲಿ ಕೇಳಿದಾಗ ನಾನು ಪ್ಲಂಬರೆಂದು ಬರೆಸಿದೆ. ಆ ಸುಳ್ಳನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ.

ನಾನು ಪಿಯುಸಿಯಲ್ಲಿದ್ದ ವರ್ಷ, ಕರೆಂಟಿನ ಬಿಲ್ಲು ಹೆಚ್ಚಾಯಿತೆಂದು ಅಲ್ಲಿಯ ಆಡಳಿತದವರು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಬ್ಲೋವರನ್ನು ನಿಲ್ಲಿಸುವಂತೆ ಹೇಳಿದರು. ಅಪ್ಪ ಬೇಡವೆಂದರು, ಕೇಳುವವರಿರಲಿಲ್ಲ. ವಾರ ಕಳೆಯುವುದರೊಳಗೆ ತೊಟ್ಟಿಯ ಕಂದು ನೀರು ಕಪ್ಪಿಟ್ಟು, ಕೊಳೆತ ಮೊಟ್ಟೆಯ ನಾತ ಎರಡನೆಯ ಮಹಡಿಯವರೆಗೆ ಏರಿತು. ತಪ್ಪು ಆಪರೇಟರನದೆಂದಾಯಿತು. ಅಪ್ಪ ಮನೆಗೆ ಬಂದು, ಇಂಗ್ಲೀಷಿನಲ್ಲಿ ಒಂದು ಅರ್ಜಿ ಬರೆದುಕೊಡೆಂದು ನನ್ನನ್ನು ಕೇಳಿದರು. ಮನೆಯಲ್ಲಿ ಇಂಗ್ಲೀಷು ಬಲ್ಲ ಪ್ರಾಣಿ ನಾನೊಂದೇ. ಗಾಳಿ ನಿಂತರೆ ನೀರು ಕೆಡುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಏಕೆ ಕೆಡುತ್ತದೆಂದು ಬರೆಯಬೇಕಾದವರು ನಾವು. ಆ ಏಕೆಯನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದಾಗ ಫೌಲರ್ ಸಾಹೇಬರ ಹೆಸರು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು.

ಇನ್ನು ಅವರ ಚರಿತ್ರೆ. ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಫೌಲರರು, ಪ್ರಯೋಗಶಾಲೆಯ ಗಾಜಿನ ಸಾಮಾನುಗಳ ನಡುವೆ ಸುಖವಾಗಿರಬಹುದಾಗಿದ್ದವರು, ಆ ನಗರಸಭೆಯ ಹೊಲಸು ನೀರಿನ ಕೆಲಸಕ್ಕೆ ಸೇರಿದರು. ಆಗಿನ ಮ್ಯಾಂಚೆಸ್ಟರೆಂದರೆ ಹತ್ತಿಯ ಗಿರಣಿಗಳ ಊರು. ಬಣ್ಣದ ಕಾರ್ಖಾನೆಗಳ ತೊಳೆ ನೀರು, ಲಕ್ಷಾಂತರ ಮನೆಗಳ ಮಲಿನ, ಎಲ್ಲವೂ ಇರ್ವೆಲ್ ಮತ್ತು ಮರ್ಸಿ ನದಿಗಳ ಪಾಲು. 1894ರಲ್ಲಿ ಹಡಗುಗಳು ಊರಿನ ತನಕ ಬರುವಂತೆ ದೊಡ್ಡ ಕಾಲುವೆಯೊಂದನ್ನು ತೆರೆದರು. ಆ ಕಾಲುವೆಯ ದಂಡೆಯ ಡೇವಿಹ್ಯೂಮಿನಲ್ಲಿ ಅದೇ ವರ್ಷ ನಗರಸಭೆಯ ಶುದ್ಧೀಕರಣ ಕೇಂದ್ರವೂ ಆರಂಭವಾಯಿತು. ಫೌಲರರು ಅದರ ಮೇಲಧಿಕಾರಿಯಾದರು. ಆ ಹುದ್ದೆ ಬಿಟ್ಟ ಮೇಲೂ ಸಲಹೆಗಾರರಾಗಿ ಮುಂದುವರಿದರು, ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು.

ಆ ಕಾಲದ ವಿಧಾನಗಳು ಮೂರು ನಾಲ್ಕು. ಹೊಲಸು ನೀರನ್ನು ವಿಶಾಲವಾದ ಹೊಲಗಳಿಗೆ ಬಿಡುವುದು ಒಂದು. ಸುಣ್ಣ ಮೊದಲಾದವನ್ನು ಬೆರೆಸಿ ಕೆಳಕ್ಕೆ ಕೂರಿಸುವುದು ಇನ್ನೊಂದು. ಜಲ್ಲಿ, ಕಿಟ್ಟಗಳ ಹಾಸಿಗೆಯ ಮೇಲೆ ಹರಿಸಿ, ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳಿಂದ ತಿನ್ನಿಸುವುದು ಮತ್ತೊಂದು. ಎಲ್ಲಕ್ಕೂ ಎಕರೆಗಟ್ಟಲೆ ಜಾಗ ಬೇಕು. ಎಲ್ಲದರ ಕೊನೆಯಲ್ಲಿಯೂ ಉಳಿಯುವುದು ಒಂದೇ: ಗಸಿ. ಕಾಫಿಯ ಲೋಟದ ತಳದಲ್ಲಿ ಉಳಿಯುವಂತೆ ಹೊಲಸು ನೀರಿನ ತಳದಲ್ಲಿ ಉಳಿಯುವ ಕಪ್ಪು ಕೆಸರು. ಅದನ್ನು ಎಲ್ಲಿ ಎಸೆಯಬೇಕೆಂಬುದೇ ಎಲ್ಲ ಊರುಗಳ ಚಿಂತೆ. ಮ್ಯಾಂಚೆಸ್ಟರಿನವರು ಹಡಗಿನಲ್ಲಿ ತುಂಬಿ ಸಮುದ್ರಕ್ಕೆ ಸುರಿಯುತ್ತಿದ್ದರು.

ಹೊಲಸು ನೀರಿಗೆ ಗಾಳಿ ಊದಿ ನೋಡಿದವರು ಮೊದಲೇ ಇದ್ದರು. ಅದರಲ್ಲಿ ಅಚ್ಚರಿಯಿಲ್ಲ. ನೀರಿನಲ್ಲಿರುವ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನೀರಿನಲ್ಲಿಯೋ ಅದು ಬಲು ದುರ್ಲಭ. ಒಂದು ಲೀಟರು ಗಾಳಿಯಲ್ಲಿ ಸುಮಾರು ಕಾಲು ಗ್ರಾಂ ಆಮ್ಲಜನಕವಿದ್ದರೆ, ನಮ್ಮ ಬೆಂಗಳೂರಿನ ಎತ್ತರದಲ್ಲಿ ಒಂದು ಲೀಟರು ತಿಳಿನೀರು ಹಿಡಿದಿಟ್ಟುಕೊಳ್ಳಬಲ್ಲುದು 8 ಮಿಲಿಗ್ರಾಮಿಗೂ ಕಡಿಮೆ. ಹೊಟ್ಟೆಬಾಕ ಜೀವಿಗಳು ಅದನ್ನು ಕೆಲವೇ ನಿಮಿಷಗಳಲ್ಲಿ ಖಾಲಿ ಮಾಡುತ್ತವೆ. ಆದ್ದರಿಂದ ಊದುತ್ತಲೇ ಇರಬೇಕು. ಆದರೆ ಹೇಗೆ ಊದಿದರೂ ನೀರು ತಿಳಿಯಾಗಲು ವಾರಗಳು ಹಿಡಿಯುತ್ತಿದ್ದುವು. ಊರಿನ ಹೊಲಸು ವಾರಗಟ್ಟಲೆ ಕಾದು ಕುಳಿತೀತೇ?

1912ರ ನವೆಂಬರಿನಲ್ಲಿ ಫೌಲರರು ನ್ಯೂಯಾರ್ಕ್ ಬಂದರಿನ ಮಾಲಿನ್ಯದ ವಿಷಯವಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಲಾರೆನ್ಸ್ ಎಂಬ ಊರಿನ ಪ್ರಯೋಗಕೇಂದ್ರವನ್ನು ನೋಡಿದರು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬುವರು ಸೀಸೆಗಳಲ್ಲಿ ಹೊಲಸು ನೀರಿಗೆ ಗಾಳಿ ಊದುತ್ತಿದ್ದರು. ಸೀಸೆಯ ಒಳಗೋಡೆಗೆ ಪಾಚಿ ಮೆತ್ತಿಕೊಂಡಿತ್ತು. ಪಾಚಿ ಮೆತ್ತಿದ ಸೀಸೆಯಲ್ಲಿ ನೀರು ಒಂದೇ ದಿನಕ್ಕೆ ತಿಳಿಯಾಗುತ್ತಿತ್ತು. ಅಲ್ಲಿಯವರಿಗೆ ಅದೊಂದು ಕುತೂಹಲದ ಸಂಗತಿ. ಫೌಲರರಿಗೆ ಅದೇ ಬೆಳಕಾಯಿತು. ಕೆಲಸವನ್ನು ಮಾಡುವುದು ಗಾಳಿಯೊಂದೇ ಅಲ್ಲ. ಹಿಂದಿನ ಸಲ ಬೆಳೆದು ಉಳಿದುಕೊಂಡ ಜೀವರಾಶಿ. ನಮ್ಮ ಮನೆಗಳಲ್ಲಿ ಹೊಸ ಹಾಲಿಗೆ ಹಳೆಯ ಮೊಸರಿನ ಹೆಪ್ಪು ಹಾಕುವುದಿಲ್ಲವೇ, ಹಾಗೆ. ಹೆಪ್ಪನ್ನು ತೊಳೆದು ಎಸೆದು, ಪ್ರತಿಸಲವೂ ಬರಿಯ ಹಾಲಿನಿಂದ ಮೊಸರು ಮಾಡಹೊರಟವನಂತೆ ಲೋಕವೆಲ್ಲ ಆ ತನಕ ನಡೆದುಕೊಂಡಿತ್ತು.

ಮ್ಯಾಂಚೆಸ್ಟರಿಗೆ ಮರಳಿದ ಫೌಲರರು ತಾವು ಕಂಡುದನ್ನು ಡೇವಿಹ್ಯೂಮಿನ ಇಬ್ಬರು ರಸಾಯನಜ್ಞರಿಗೆ, ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬುವರಿಗೆ, ವಿವರಿಸಿ ಪ್ರಯೋಗ ನಡೆಸಲು ಹೇಳಿದರು. ಅವರು ಸೀಸೆಗಳಿಗೆ ಕಂದು ಕಾಗದವನ್ನು ಸುತ್ತಿದರು. ಬೆಳಕು ತಾಕದೆ ಪಾಚಿ ಬೆಳೆಯದಂತಾಯಿತು. ಮೊದಲ ಸಲ ನೀರು ಪೂರ್ಣ ಶುದ್ಧವಾಗಲು ಸುಮಾರು ಐದು ವಾರಗಳಾದುವು. ಬಳಿಕ ಮೇಲಿನ ತಿಳಿಯನ್ನು ಬಸಿದು, ಅಡಿಯ ಗಸಿಯನ್ನು ಎಸೆಯದೆ ಉಳಿಸಿಕೊಂಡು, ಹೊಸ ಹೊಲಸು ನೀರನ್ನು ಸುರಿದು ಮತ್ತೆ ಊದಿದರು. ಹೀಗೆಯೇ ಮತ್ತೆ ಮತ್ತೆ. ಗಸಿ ಬೆಳೆದಂತೆಲ್ಲ ಕಾಲ ಕುಗ್ಗಿತು. ಐದು ವಾರಗಳಾಗುತ್ತಿದ್ದುದು ಒಂದು ದಿನಕ್ಕಿಳಿಯಿತು. ಕಡೆಗೆ ಕೆಲವೇ ಗಂಟೆಗಳಿಗೆ ಬಂತು. ಹೀಗೆ ಚುರುಕಾದ ಗಸಿಗೆ ಅವರು ಆಕ್ಟಿವೇಟೆಡ್ ಸ್ಲಡ್ಜ್ ಎಂದು ಹೆಸರಿಟ್ಟರು. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ರಾಸಾಯನಿಕ ಉದ್ಯಮ ಸಂಘದ ಸಭೆಯಲ್ಲಿ ಈ ಪ್ರಬಂಧವನ್ನು ಓದಿದರು. ಲೋಕವೆಲ್ಲ ಎಸೆಯುತ್ತಿದ್ದ ವಸ್ತುವೇ ಮದ್ದೆಂದು ಅಂದು ತಿಳಿಯಿತು.

ಪ್ರಬಂಧದ ಮೇಲೆ ಆರ್ಡರ್ನ್, ಲಾಕೆಟ್ ಇಬ್ಬರ ಹೆಸರುಗಳಷ್ಟೇ ಇವೆ. ಫೌಲರರ ಹೆಸರಿಲ್ಲ. ಇದರಿಂದ ನಿಜವಾದ ಜನಕರು ಯಾರೆಂಬ ಚರ್ಚೆಗೆ ಎಡೆಯಾಗಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೈಯಾರೆ ಮಾಡಿದವರ ಹೆಸರನ್ನೇ ಮೇಲಿಡಲು ಬಿಟ್ಟ ಹಿರಿಯರು ಎಲ್ಲ ಕಾಲದಲ್ಲಿಯೂ ಅಪರೂಪ. ಅದಕ್ಕಾಗಿಯೇ ಅವರ ಮೇಲೆ ನನಗೆ ಗೌರವ ಹೆಚ್ಚು. ಹಾಗೆಂದು ಅವರು ಬರಿಯ ದಾರಿ ತೋರಿದವರೂ ಅಲ್ಲ. ಅದೇ ಕಾಲದಲ್ಲಿ ಮಮ್‌ಫರ್ಡ್ ಎಂಬ ಸಹಾಯಕರೊಡನೆ, ಗಣಿಯ ನೀರಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯನ್ನು ಕಬ್ಬಿಣದ ಲವಣ ಮತ್ತು ಗಾಳಿಯ ನೆರವಿನಿಂದ ಹೊಲಸು ನೀರಿನ ಮೇಲೆ ಪ್ರಯೋಗಿಸಿದ್ದರು. ಎಂ-7 ಎಂದು ಅದಕ್ಕೆ ಹೆಸರು. ಗಸಿಯ ಪ್ರತಾಪದ ಮುಂದೆ ಅದು ಹಿಂದೆ ಬಿತ್ತು.

ಸೀಸೆಯಲ್ಲಿ ಆದುದು ತೊಟ್ಟಿಯಲ್ಲಿ ಆಗಬೇಕಾದರೆ ಗುಳ್ಳೆಯ ಸಮಸ್ಯೆಯನ್ನು ಬಿಡಿಸಬೇಕಿತ್ತು. ನನ್ನ ಅಪ್ಪನ ದಿನವೆಲ್ಲ ಕಳೆಯುವುದು ಈ ಗುಳ್ಳೆಗಳೊಂದಿಗೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತೂತು ಕೊರೆದ ಕೊಳವೆಯಿಂದ ಗಾಳಿ ಬಿಟ್ಟರೆ ಗೋಲಿಯಂಥ ದಪ್ಪ ಗುಳ್ಳೆಗಳು ಬುಳುಬುಳು ಎಂದು ಮೇಲೆದ್ದು, ತಮ್ಮ ಹೊಟ್ಟೆಯ ಆಮ್ಲಜನಕದ ಬಹುಪಾಲನ್ನು ಹೊತ್ತುಕೊಂಡೇ ಹೊರಟುಹೋಗುತ್ತವೆ. ಬೆಲ್ಲದ ಅಚ್ಚು ನೀರಿನಲ್ಲಿ ಕರಗಲು ಹೊತ್ತು ಹಿಡಿಯುತ್ತದೆ. ಪುಡಿ ಬೆಲ್ಲ ತಟಕ್ಕನೆ ಕರಗುತ್ತದೆ. ಗಾಳಿಯೂ ಹಾಗೆಯೇ. 1 ಸೆಂಟಿಮೀಟರು ಅಡ್ಡಗಲದ ಒಂದು ಗುಳ್ಳೆಯಲ್ಲಿರುವ ಗಾಳಿಯಿಂದ 1 ಮಿಲಿಮೀಟರಿನ ಗುಳ್ಳೆಗಳನ್ನು ಮಾಡಿದರೆ 1,000 ಗುಳ್ಳೆಗಳಾಗುತ್ತವೆ. ಅವು ನೀರನ್ನು ಮುಟ್ಟುವ ಮೈಯೆಲ್ಲ ಕೂಡಿಸಿದರೆ ಮೊದಲಿನ ಹತ್ತರಷ್ಟು. ಮೇಲಾಗಿ ಸಣ್ಣವು ಸಾವಕಾಶವಾಗಿ ಏರುತ್ತವೆ. ನೀರಿನೊಡನೆ ಮಾತಾಡಲು ಅವಕ್ಕೆ ಬಿಡುವಿದೆ. ಇಂಥ ನವುರಾದ ಗುಳ್ಳೆಗಳಿಗಾಗಿ ತೊಟ್ಟಿಯ ತಳದಲ್ಲಿ ಸೂಕ್ಷ್ಮ ರಂಧ್ರಗಳ ಬಿಲ್ಲೆಗಳನ್ನು ಹಾಸಿ, ಅವುಗಳ ಅಡಿಯಿಂದ ಗಾಳಿಯನ್ನು ಒತ್ತಿದರು. ಇಂದು ಆ ಬಿಲ್ಲೆಗಳ ಜಾಗದಲ್ಲಿ, ಸೂಜಿಯಿಂದ ಚುಚ್ಚಿದಂತೆ ಸೀಳುಗಳಿರುವ ರಬ್ಬರಿನ ತಟ್ಟೆಗಳು ಬಂದಿವೆ. ಅಪ್ಪ ಅವನ್ನು ಡಿಫ್ಯೂಸರು ಎನ್ನುತ್ತಾರೆ. ನೀರಿನ ಮೇಲ್ಮೈ ಅನ್ನದ ಗಂಜಿ ಕುದಿಯುವ ಮುನ್ನ ಮಿಡುಕುವಂತೆ ಎಲ್ಲೆಡೆಯೂ ಸಮನಾಗಿ ಮಿಡುಕುತ್ತಿದ್ದರೆ ತಟ್ಟೆಗಳು ಕ್ಷೇಮ. ಒಂದು ಕಡೆ ಬುಗ್ಗೆಯೆದ್ದರೆ ಅಲ್ಲಿ ರಬ್ಬರು ಹರಿದಿದೆ. ಒಂದು ಕಡೆ ಸುಮ್ಮನಿದ್ದರೆ ಅಲ್ಲಿ ಸೀಳು ಕಟ್ಟಿದೆ. ಇದನ್ನು ಅಪ್ಪ ಯಾವ ಪುಸ್ತಕದಲ್ಲಿಯೂ ಓದಿದವರಲ್ಲ.

ಇದೇ ಊರಿಗೊಂದು ಕಷ್ಟವನ್ನೂ ತಂದಿತು. ಊದುವುದೆಂದರೆ ಕರೆಂಟು. ಇಂಥ ಘಟಕಗಳಲ್ಲಿ ಖರ್ಚಾಗುವ ವಿದ್ಯುತ್ತಿನಲ್ಲಿ ಅರ್ಧದಷ್ಟು, ಎಷ್ಟೋ ಕಡೆ ಅದಕ್ಕೂ ಹೆಚ್ಚು, ಈ ಉಸಿರಾಟಕ್ಕೇ ಹೋಗುತ್ತದೆ. ಉಳಿತಾಯವೆಂದೊಡನೆ ಮೊದಲು ಕತ್ತು ಹಿಸುಕುವುದು ಅದನ್ನೇ.

ಜೀವನಕ್ಕೆ ಮರಳೋಣ. 1914ರಲ್ಲಿ ಮಹಾಯುದ್ಧ ಹತ್ತಿತು. 1916ರಲ್ಲಿ ಇಂಗ್ಲೆಂಡಿನ ವುಸ್ಟರ್ ನಗರದಲ್ಲಿ ಈ ವಿಧಾನದ ದೊಡ್ಡ ಘಟಕ ನಡೆಯಲಾರಂಭಿಸಿತು. ಅದೇ ವರ್ಷ, ತಮ್ಮ ಕೀರ್ತಿ ಬೆಳೆಯುತ್ತಿದ್ದ ನೆಲವನ್ನು ಬಿಟ್ಟು, ನಲವತ್ತೆಂಟರ ಫೌಲರರು ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದರು. ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ 1909ರಲ್ಲಿ ಸ್ಥಾಪಿತವಾದ ವಿಜ್ಞಾನಮಂದಿರಕ್ಕೆ ಆಗಿನ್ನೂ ಬಾಲ್ಯ. ಯುದ್ಧಕಾಲವಾದ್ದರಿಂದ ಕೈಗೆ ಬಂದ ಮೊದಲ ಕೆಲಸಗಳಲ್ಲೊಂದು ಸಿಡಿಮದ್ದಿಗೆ ಬೇಕಾದ ಅಸಿಟೋನು. ಅದನ್ನು ಹುಳಿಸಿ ಪಡೆಯುವ ಕಾರ್ಖಾನೆ ನಾಸಿಕದಲ್ಲಿ ಎದ್ದಿತು. ಅರಗಿನ ಹುಳುವಿನ ವಿಷಯದಲ್ಲಿಯೂ ಅವರು ಶಿಷ್ಯರಿಂದ ಸಂಶೋಧನೆ ಮಾಡಿಸಿದರು. ನಮ್ಮ ಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಜಾಲಾರಿ ಮರವೇ ಮೈಸೂರಿನ ಅರಗಿಗೆ ಆಶ್ರಯವೆಂದು ಓದಿದಾಗ ನನಗೆ ಅಭಿಮಾನವೆನಿಸಿತು. 1921ರಲ್ಲಿ ಜೀವರಸಾಯನಶಾಸ್ತ್ರ ವಿಭಾಗವು ಅವರ ನೇತೃತ್ವದಲ್ಲಿ ಆರಂಭವಾಯಿತು. ಆ ಹೆಸರಿನ ವಿಭಾಗಗಳಲ್ಲಿ ಭಾರತಕ್ಕೆಲ್ಲ ಅದೇ ಹಿರಿಯದು.

ಆದರೆ ಅವರ ಮನಸ್ಸು ಗಸಿಯನ್ನು ಬಿಡಲಿಲ್ಲ. ಗಸಿಯಲ್ಲಿ ಅವರು ಕಂಡದ್ದು ಸಾರಜನಕ. ಅಂದರೆ ಪೈರಿನ ಆಹಾರ. ಹೊಲದಿಂದ ಊರಿಗೆ ಬಂದುದು ಹೊಲಸಾಗಿ ಸಮುದ್ರಕ್ಕೆ ಹೋದರೆ ಮಣ್ಣು ಬಡವಾಗುತ್ತದೆ. ಅದನ್ನು ಹೊಲಕ್ಕೆ ಹಿಂದಿರುಗಿಸಬೇಕು. ನನ್ನ ಅಜ್ಜಿಗೆ ಇದನ್ನು ಹೇಳಿದೆ. ತಿಪ್ಪೆಗುಂಡಿಯಿಟ್ಟವರಿಗೆಲ್ಲ ತಿಳಿದ ಸಂಗತಿಯನ್ನು ಹೇಳಲು ಅಷ್ಟು ದೂರದಿಂದ ಬಂದರೇ ಎಂದು ಅವರು ನಕ್ಕರು. ಅಜ್ಜಿಯ ನಗು ಅನ್ಯಾಯವಲ್ಲ. ಆದರೆ ತಿಪ್ಪೆಯ ವಿವೇಕವನ್ನು ನಗರದ ಗಾತ್ರಕ್ಕೆ ಬೆಳೆಸುವುದು ಸುಲಭದ ಮಾತಲ್ಲ. 1924ರಲ್ಲಿ ಅವರು ಇನ್‌ಸ್ಟಿಟ್ಯೂಟನ್ನು ಬಿಟ್ಟರು. ಬಳಿಕ ಕಾನಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಗೆ ಪ್ರಿನ್ಸಿಪಾಲರಾದರು. ಸಾರಜನಕವನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತ ಅವರ ಗ್ರಂಥವು 1934ರಲ್ಲಿ ಹೊರಬಂದಿತು. ಆಗ ಅವರಿಗೆ ಅರವತ್ತಾರು. ಅಷ್ಟರಲ್ಲಿ ಚುರುಕು ಗಸಿಯ ವಿಧಾನ ಜಮ್‌ಷೆಡ್‌ಪುರವನ್ನೂ ಶಾಂಘಾಯಿಯನ್ನೂ ತಲುಪಿತ್ತು.

ಬೆಂಗಳೂರಿನಲ್ಲಿ ಅವರು ಬಿತ್ತಿದ್ದು ಬಾಡಲಿಲ್ಲ. ಅದೇ ವಿಭಾಗದಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದು ಇಂದಿಗೂ ಬೆಂಗಳೂರು ವಿಧಾನವೆಂದೇ ಪ್ರಸಿದ್ಧ. ಎಸ್. ಸಿ. ಪಿಳ್ಳೆ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಗಸಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ತೊಟ್ಟಿನ ಮೇಲೆ ಗಂಟೆಯಂತೆ ತೂಗುವ ಏಕಕೋಶ ಪ್ರಾಣಿಗಳಿಗೂ ನೀರು ತಿಳಿಯಾಗುವುದರಲ್ಲಿ ದೊಡ್ಡ ಪಾಲಿದೆಯೆಂದು 1942ರಲ್ಲಿ ಪ್ರಕಟಿಸಿದರು. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು.

ಇದೆಲ್ಲ ಬಾಗಲೂರಿಗೆ ಏಕೆ ಬೇಕೆಂದು ಕೇಳಬಹುದು. ನಾನು ಪ್ರೌಢಶಾಲೆಯಲ್ಲಿದ್ದಾಗ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಿಂದ ನಮ್ಮ ಕೆರೆಗೆ ನೀರು ಬಂದಿತು. ಬೆಂಗಳೂರಿನ ಹೊಲಸು ನೀರನ್ನು ಶುದ್ಧಿ ಮಾಡಿ, ದಿನಕ್ಕೆ 21 ಕೋಟಿ ಲೀಟರಿನಂತೆ ಚಿಕ್ಕಬಳ್ಳಾಪುರದ ಕಡೆಯವರೆಗೆ 65 ಕೆರೆಗಳಿಗೆ ತುಂಬುವುದೆಂದು ಅದರ ಉದ್ದೇಶ. ಬರಿದಾಗಿದ್ದ ಕೆರೆಯಂಗಳದಲ್ಲಿ ನೀರು ಹೊಳೆದಾಗ ಜನ ಸಂತೋಷಪಟ್ಟರು. ಸಂತೋಷದೊಡನೆ ಅಳುಕೂ ಇತ್ತು. ಅಜ್ಜಿ ಇಂದಿಗೂ ಆ ನೀರಿಗೆ ಕಾಲಿಡುವುದಿಲ್ಲ. ಅವರ ಅಳುಕು ಬರಿಯ ಮಡಿಯದಲ್ಲ. ಗಾಳಿ ಮತ್ತು ಗಸಿ ಕೊಳೆಯನ್ನು ತಿನ್ನುತ್ತವೆ. ಸಾಬೂನು ಪುಡಿಯ ರಂಜಕವನ್ನೂ ಕಾರ್ಖಾನೆಯ ಲೋಹಗಳನ್ನೂ ಅವು ಪೂರ್ತಿಯಾಗಿ ತೆಗೆಯಲಾರವು. ಆದ್ದರಿಂದಲೇ ಎರಡನೆಯ ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕೆಂದು ಈ ಜಿಲ್ಲೆಗಳ ರೈತರು ಕೇಳುತ್ತ ಬಂದಿದ್ದಾರೆ. ಕೆರೆಯಲ್ಲಿ ಇಂಗಿದ ನೀರು ನಾಳೆ ನಮ್ಮ ಬೋರ್‌ವೆಲ್ಲಿಗೆ ಇಳಿಯುವುದರಿಂದ ಆ ಕೇಳಿಕೆ ನ್ಯಾಯವಾದದ್ದು. ಅದಿರಲಿ, ಎರಡನೆಯ ಹಂತವಾದರೂ ಸರಿಯಾಗಿ ನಡೆಯಬೇಕಾದರೆ ಎಲ್ಲೋ ಒಬ್ಬ ಆಪರೇಟರು ರಾತ್ರಿ ಎರಡು ಗಂಟೆಗೂ ಗುಳ್ಳೆಗಳನ್ನು ನೋಡುತ್ತಿರಬೇಕು.

ಅರ್ಜಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ನಾನು ಎರಡು ಪುಟ ಬರೆದೆ. ಗಸಿ ಜೀವವುಳ್ಳದ್ದು, ಏಳು ಗಂಟೆಗಳ ಕಾಲ ಉಸಿರು ಕಟ್ಟಿದರೆ ಸಾಯುತ್ತದೆ ಎಂಬುದೇ ಅದರ ಸಾರ. ಅಪ್ಪ ಅದರ ಜೊತೆಗೆ ತಮ್ಮದೇ ಒಂದು ಸಾಕ್ಷಿಯನ್ನು ಒಯ್ದರು. ದಿನವೂ ಅವರು ತೊಟ್ಟಿಯಿಂದ ಒಂದು ಲೀಟರನ್ನು ಅಳತೆಯ ಜಾಡಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡುತ್ತಾರೆ. ಗಸಿ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದು, ಮೇಲೆ ತಿಳಿ ನಿಂತರೆ ಎಲ್ಲವೂ ಸರಿ. ಆ ದಿನ ಜಾಡಿಯನ್ನು ಆಡಳಿತದವರ ಮೇಜಿನ ಮೇಲೆಯೇ ಇಟ್ಟು ಅರ್ಧ ಗಂಟೆ ಕಾದರು. ಕಪ್ಪು ಗಸಿ ತುಂಡುತುಂಡಾಗಿ ಮೇಲಕ್ಕೆ ತೇಲಿತು. ನನ್ನ ಇಂಗ್ಲೀಷನ್ನು ಯಾರಾದರೂ ಓದಿದರೋ ಇಲ್ಲವೋ, ಜಾಡಿಯನ್ನಂತೂ ಎಲ್ಲರೂ ನೋಡಿದರು, ಮೂಸಿಯೂ ನೋಡಿದರು. ಅಂದು ರಾತ್ರಿಯಿಂದ ಬ್ಲೋವರು ನಿಲ್ಲಲಿಲ್ಲ. ಗಸಿ ಮತ್ತೆ ಕಂದಾಗಲು ಮೂರು ವಾರಗಳಾದುವು. ಸುಮಾರು ನೂರು ವರ್ಷಗಳ ಹಿಂದೆ ಕಂದು ಕಾಗದ ಸುತ್ತಿದ ಸೀಸೆಯೆದುರು ಕಾದು ಕುಳಿತವರನ್ನು ನಾನು ಅಪ್ಪನಲ್ಲಿ ಕಂಡೆ.

ಇನ್ನೊಂದು ಸಲ, ಕಟ್ಟಿದ ತಟ್ಟೆಯನ್ನು ಬಿಡಿಸಲು ತೊಟ್ಟಿಗೆ ಇಳಿಯೆಂದು ಮೇಲಿನವರೊಬ್ಬರು ಹೇಳಿದರು. ಅಂಥ ತೊಟ್ಟಿಗಳಲ್ಲಿ ವಿಷದ ಗಾಳಿ ನಿಂತಿರುತ್ತದೆ. ಇಳಿದವರು ಮರಳಿ ಬರದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಿದೆಯ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ. ಇಳಿಯುವುದಿಲ್ಲವೆಂದರು, ಅಷ್ಟೆ. ಎರಡು ದಿನ ಒದ್ದಾಡಿ, ಕೊಳವೆ ಸಮೇತ ಹಗ್ಗದಿಂದ ಮೇಲಕ್ಕೆಳೆದು ರಿಪೇರಿ ಮಾಡಿದರು.

ಈ ಲೇಖನವನ್ನು ಅಧ್ಯಾಪಕರಿಗೆ ಒಪ್ಪಿಸುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಫೌಲರ್ ಸಾಹೇಬರ ವಿಷಯವನ್ನು ಅವರು ತಲೆದೂಗುತ್ತ ಕೇಳಿದರು. ಮೊದಲ ಕರಡಿನಲ್ಲಿ ನಾನು ತೊಟ್ಟಿಯ ದುರ್ನಾತವೆಂದು ಬರೆದಿದ್ದ ಒಂದು ವಾಕ್ಯವನ್ನು ಮಾತ್ರ ಅವರು ಒಪ್ಪಲಿಲ್ಲ. ಉಸಿರು ಚೆನ್ನಾಗಿ ಆಡುತ್ತಿರುವ ಗಸಿಗೆ ನಾತವಿರುವುದಿಲ್ಲ, ಮೊದಲ ಮಳೆ ಬಿದ್ದ ಹೊಲದ ವಾಸನೆಯಿರುತ್ತದೆ, ನೀನು ಎಂದಾದರೂ ಬಂದು ನೋಡಿದ್ದರೆ ತಾನೆ ತಿಳಿಯುವುದು ಎಂದರು. ಆ ವಾಕ್ಯವನ್ನು ಹೊಡೆದುಹಾಕಿದೆ. ಅಪ್ಪ ಊಟದ ಡಬ್ಬಿ ಕಟ್ಟಿಕೊಂಡು ರಾತ್ರಿ ಪಾಳಿಗೆ ಹೊರಟರು. ನಾನೂ ಚಪ್ಪಲಿ ಮೆಟ್ಟಿ ಅವರ ಹಿಂದೆ ನಡೆದೆ.